ಸಹಾಯ ಬೇಕು: ಖಾಸಗಿ ಕಾಲೇಜಿನ ಲೈಬ್ರರಿಯನ್‌ಗಳು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಮೀನುಗಳ ಮೇಲೆ ಪಿಎಚ್‌ಡಿ ಮಾಡಿದವಳು. ಈಗ ಮಂಗಳೂರಿನಲ್ಲೇ ಕೂತು ವಿಜ್ಞಾನ ನೀತಿಯ ಕೆಲಸ ಮಾಡುತ್ತಿದ್ದೇನೆ. (ಅಂದರೆ ಎಂತ ಕೆಲಸ ಅಂತ ಅಮ್ಮ ಇನ್ನೂ ಕೇಳುತ್ತಾರೆ.) ಸಂಶೋಧನಾ ಲೇಖನಗಳು ಮುಂದೆ ಹೇಗೆ ಪ್ರಕಟವಾಗಬೇಕು, ಖರ್ಚು ಯಾರು ಹೊರಬೇಕು ಅನ್ನುವ ಬಗ್ಗೆ ಒಂದು ವರದಿ ಬರೆಯಬೇಕಿದೆ.

'ಒಂದು ದೇಶ ಒಂದು ಚಂದಾ' ಯೋಜನೆ ಗೊತ್ತಿರಬಹುದು, ಅಂದರೆ ಸಂಶೋಧನಾ ಪತ್ರಿಕೆಗಳ (ಜರ್ನಲ್‌ಗಳ) ಚಂದಾವನ್ನು ಕೇಂದ್ರ ಸರ್ಕಾರವೇ ಒಟ್ಟಿಗೆ ಕಟ್ಟುವುದು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು. 3 ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು. ಆದರೆ ಅದು ಶುರುವಾದದ್ದು ಸರ್ಕಾರಿ ಸಂಸ್ಥೆಗಳಿಗೆ. ನಮ್ಮ ಕಡೆ ಖಾಸಗಿ ಕಾಲೇಜುಗಳೇ ಜಾಸ್ತಿ ಅಲ್ವಾ?

ಓದಲು ಪುಕ್ಕಟೆ ಇರುವ ಎಷ್ಟೋ ಜರ್ನಲ್‌ಗಳು ಬರೆದವರ ಹತ್ತಿರವೇ ದುಡ್ಡು ಕೇಳುತ್ತವೆ. ನನಗೆ ಒಂದು ಜರ್ನಲ್ 2,000 ಡಾಲರ್ ಹೇಳಿತು! ಎಲ್ಲಿಂದ ತರುವುದು? ಕೊನೆಗೆ ಲೇಖನವನ್ನು, ಓದುವವರು ಚಂದಾ ಕಟ್ಟಬೇಕಾದ ಜರ್ನಲ್‌ಗೇ ಕೊಟ್ಟೆ. ಮಲ್ಪೆಯಲ್ಲಿ ನನಗೆ ಸ್ಯಾಂಪಲ್‌ಗೆ ಬೂತಾಯಿ ಮೀನು ಕೊಟ್ಟ ಬೋಟಿನವರ ಮಗ ಬಿಎಸ್ಸಿ ಓದುತ್ತಿದ್ದಾನೆ. ಅವನು ಆ ಲೇಖನ ತೆರೆದರೆ ದುಡ್ಡು ಕಟ್ಟಿ ಅಂತ ಬಂತಂತೆ. ಆಮೇಲೆ ನಾನೇ ಪಿಡಿಎಫ್ ವಾಟ್ಸಾಪ್ ಮಾಡಿದೆ.

ನನಗೆ ಬೇಕಾದದ್ದು ಇಷ್ಟೇ. ನಿಮ್ಮ ಕಾಲೇಜಿನಲ್ಲಿ ವರ್ಷಕ್ಕೆ ಜರ್ನಲ್‌ಗಳಿಗೆ ಎಷ್ಟು ಹೋಗುತ್ತದೆ, ಯಾವುದನ್ನು ನಿಲ್ಲಿಸಿದಿರಿ, ಮಕ್ಕಳು ಲೇಖನ ಕೇಳಿದರೆ ಏನು ಮಾಡುತ್ತೀರಿ? ಹೆಸರು ಎಲ್ಲೂ ಬರುವುದಿಲ್ಲ. ಲ್ಯಾಬ್ ಬಿಟ್ಟು ನೀತಿಯ ಕೆಲಸಕ್ಕೆ ಬಂದವರು ಇದ್ದರೂ ಮಾತಾಡಬೇಕಿತ್ತು. ಶನಿವಾರ ಉಡುಪಿಗೂ ಬರುತ್ತೇನೆ, ಗೋಳಿಬಜೆ ಚಾ ನನ್ನ ಲೆಕ್ಕ. ಮೆಸೇಜ್ ಹಾಕಿ.