ಹೊಸ ಸರ್ವರ್‌ಗೆ ಬದಲಾದ ಮೇಲೆ ಎಲ್‌ಟಿಒ-6 ಬ್ಯಾಕಪ್ 110 ಎಂಬಿಯಿಂದ 28ಕ್ಕೆ ಇಳಿದಿದೆ

ಯಗಚಿ:
ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ಸರ್ವರ್. ಹಳೇದು ತೆಗೆದು ಹೊಸ ರ‍್ಯಾಕ್ ಸರ್ವರ್ ಹಾಕಿದ್ದಾಯ್ತು. ಟೇಪ್ ಡ್ರೈವ್ ಮಾತ್ರ ಅದೇ: ಹೊರಗಡೆ ಇಡುವ ಎಲ್‌ಟಿಒ-6 (ಬ್ಯಾಕಪ್ ಟೇಪಿನ ಆರನೇ ತಲೆಮಾರು), ಎಸ್‌ಎಎಸ್ ಕೇಬಲ್ (ಸರ್ವರ್‌ಗೆ ಡಿಸ್ಕ್, ಟೇಪ್ ಜೋಡಿಸೋದು). ಹಳೇ ಸರ್ವರ್‌ನಲ್ಲಿ ಅದಕ್ಕೆ ಬೇರೆ ಎಚ್‌ಬಿಎ ಕಾರ್ಡ್ (ಡ್ರೈವನ್ನ ಸರ್ವರ್‌ಗೆ ನೇರ ಜೋಡಿಸೋದು) ಇತ್ತು. ಹೊಸದರಲ್ಲಿ ರೇಡ್ ಕಾರ್ಡಿನ (ಹಲವು ಡಿಸ್ಕ್ ಸೇರಿಸಿ ಒಂದಾಗಿ ನಡೆಸೋದು) ಹೊರ ಪೋರ್ಟ್‌ಗೇ ಸಿಕ್ಕಿಸಿದ್ದಾರೆ.

ಲಿನಕ್ಸ್. ರಾತ್ರಿ 9ಕ್ಕೆ ಕ್ರಾನ್‌ನಿಂದ (ಗೊತ್ತು ಮಾಡಿದ ಹೊತ್ತಿಗೆ ಕೆಲಸ ಶುರು ಮಾಡಿಸೋದು) ಟಾರ್ (ಫೈಲ್‌ಗಳನ್ನ ಒಂದೇ ಕಟ್ಟು ಮಾಡೋ ಪ್ರೋಗ್ರಾಂ) ಶುರುವಾಗಿ ನೇರ ಟೇಪಿಗೆ ಬರೆಯುತ್ತೆ. ಒಟ್ಟು 1.8 ಟಿಬಿ. ಮೊದಲು ಸೆಕೆಂಡಿಗೆ 110 ಎಂಬಿ ಬರ್ತಿತ್ತು, ರಾತ್ರಿ ಒಂದೂವರೆಗೆಲ್ಲಾ ಮುಗೀತಿತ್ತು. ಈಗ 28. ಮಾರನೇ ದಿನ ಮಧ್ಯಾಹ್ನ ಮೂರರ ಹತ್ತಿರ ಮುಗಿಯುತ್ತೆ. ಡ್ರೈವ್ ಸ್ವಲ್ಪ ಓಡುತ್ತೆ, ನಿಲ್ಲುತ್ತೆ, ಹಿಂದಕ್ಕೆ ಸುತ್ತುತ್ತೆ, ಮತ್ತೆ ಓಡುತ್ತೆ. ಸ್ಕ್ರಿಪ್ಟ್‌ನಲ್ಲಿ ಒಂದಕ್ಷರ ಬದಲಾಗಿಲ್ಲ. ಕ್ಲೀನಿಂಗ್ ಕಾರ್ಟ್ರಿಡ್ಜ್ ಹಾಕಿದ್ದಾಯ್ತು. ಸರ್ವರ್ ಕೊಟ್ಟವರು "ಡ್ರೈವ್ ಹಳೇದು, ಬದಲಾಯಿಸಿ" ಅಂತಿದ್ದಾರೆ. ಎಲ್ಲಿಂದ ನೋಡ್ಕೊಂಡು ಬರಬೇಕು?

ಮುಳ್ಳಯ್ಯನಗಿರಿ:
ಡ್ರೈವ್ ಕೊಳ್ಳೋಕೆ ಆತುರ ಬೇಡ. ಆ ನಿಂತು ಹಿಂದೆ ಸುತ್ತೋ ಸದ್ದು ರೋಗ ಅಲ್ಲ, ಲಕ್ಷಣ. ಎಲ್‌ಟಿಒ-6ರ ಪೂರ್ಣ ವೇಗ ಕಂಪ್ರೆಷನ್ ಬಿಟ್ಟು 160 ಎಂಬಿ. ಡೇಟಾ ನಿಧಾನ ಬಂದರೆ ಟೇಪನ್ನೂ ನಿಧಾನ ಓಡಿಸುತ್ತೆ, ಆದರೆ 40-50 ಎಂಬಿಗಿಂತ ಕೆಳಗೆ ಅದಕ್ಕೆ ಆಗಲ್ಲ. ಬಫರ್ ಖಾಲಿಯಾದಾಗ ಟೇಪ್ ನಿಲ್ಲಿಸಿ, ಹಿಂದಕ್ಕೆ ಎಳೆದು, ಬರೆದಿದ್ದರ ಕೊನೆ ಹುಡುಕಿ ಮುಂದುವರಿಯಬೇಕು. ಕಂಪ್ರೆಸ್ ಆಗೋ ಡೇಟಾ ಆದರೆ ಇನ್ನೂ ಕಷ್ಟ: ಅರ್ಧಕ್ಕೆ ಕುಗ್ಗಿದರೆ ನೀವು ಕೊಟ್ಟ 28, ಟೇಪಿಗೆ ತಲುಪೋಷ್ಟರಲ್ಲಿ 14 ಆಗಿರುತ್ತೆ.

ದಾರೀನ ಎರಡು ತುಂಡು ಮಾಡಿ ಅಳೆಯಿರಿ. ಮೊದಲು ಡಿಸ್ಕ್‌ನಿಂದ ಓದೋದು: ಟಾರ್ ಔಟ್‌ಪುಟ್ ಪೈಪ್ ಮಾಡಿ, ಪಿವಿ (ವೇಗ ತೋರಿಸೋ ಕಮಾಂಡ್) ಮೂಲಕ ಡೆವ್-ನಲ್‌ಗೆ (ಬಂದಿದ್ದೆಲ್ಲಾ ಎಸೆದುಬಿಡೋ ಜಾಗ) ಬಿಡಿ. ಟಾರ್‌ಗೆ ಫೈಲ್ ಹೆಸರಾಗಿ ನೇರ ಡೆವ್-ನಲ್ ಕೊಡಬೇಡಿ. ಗ್ನೂ ಟಾರ್ ಅದನ್ನು ಗುರುತಿಸಿ ಫೈಲ್‌ಗಳ ಒಳಗನ್ನು ಓದದೇ ಹಾರಿಸಿಬಿಡುತ್ತೆ, ಎಲ್ಲಾ ಕ್ಷಣದಲ್ಲಿ ಮುಗೀತು ಅಂತ ಖುಷಿಯಾಗುತ್ತೆ ಅಷ್ಟೇ.

ಆಮೇಲೆ ಟೇಪಿಗೆ ಬರೆಯೋದು. ಡೆವ್-ಎಸ್‌ಎಚ್‌ಎಂನಲ್ಲಿ, ಅಂದ್ರೆ ರ‍್ಯಾಮ್‌ನಲ್ಲೇ, ಯುರ‍್ಯಾಂಡಮ್‌ನಿಂದ (ಕುಗ್ಗಿಸಲಾಗದ ಅಡ್ಡಾದಿಡ್ಡಿ ಡೇಟಾ) 16 ಜಿಬಿ ಫೈಲ್ ಮಾಡ್ಕೊಳ್ಳಿ. ಬೇಡದ ಟೇಪ್ ಒಂದು ಹಾಕಿ ಡಿಡಿಯಿಂದ (ಡೇಟಾ ನಕಲು ಮಾಡೋ ಕಮಾಂಡ್) ಎರಡು ಸಲ ಬರೆಯಿರಿ, ಒಮ್ಮೆ ಬ್ಲಾಕ್ ಸೈಜ್ (ಒಂದು ಸಲಕ್ಕೆ ಬರೆಯೋ ತುಂಡಿನ ಅಳತೆ) 10 ಕೆಬಿ, ಒಮ್ಮೆ 256 ಕೆಬಿ. ಅದಕ್ಕೂ ಮುಂಚೆ ಎಂಟಿ ಕಮಾಂಡ್‌ನಲ್ಲಿ (ಟೇಪ್ ಡ್ರೈವ್ ನಡೆಸೋದು) ಸೆಟ್‌ಬ್ಲಾಕ್ 0 ಕೊಡಿ, ಆಗ ಬ್ಲಾಕ್ ಸೈಜ್ ಬದಲಾಯಿಸಬಹುದು. ಡೆವ್-ಜೀರೋ ಬೇಡ, ಸೊನ್ನೆಗಳನ್ನ ಡ್ರೈವ್ ಕುಗ್ಗಿಸಿ ಸುಳ್ಳು ವೇಗ ತೋರಿಸುತ್ತೆ. ಒಂದು ಜಿಬಿಯ ಟೆಸ್ಟೂ ಬೇಡ, ಅರ್ಧ ಡ್ರೈವಿನ ಬಫರ್‌ನಲ್ಲೇ ಕೂತಿರುತ್ತೆ.

ಹೇಮಾವತಿ:
ಕಾರ್ಡ್ ಯಾವ ಸ್ಲಾಟಲ್ಲಿ ಕೂತಿದೆ ಅಂತಲೂ ನೋಡಿ. ನೋಡೋಕೆ ಎಂಟು ಲೇನಿನ (ಡೇಟಾ ಓಡೋ ದಾರಿ) ಉದ್ದದ ಸ್ಲಾಟ್ ಇರುತ್ತೆ, ಒಳಗೆ ಒಂದೋ ನಾಲ್ಕೋ ಲೇನ್ ಮಾತ್ರ ಜೋಡಿಸಿರ್ತಾರೆ. ಎಲ್‌ಎಸ್‌ಪಿಸಿಐ ಕಮಾಂಡಿಗೆ (ಸರ್ವರ್‌ನ ಕಾರ್ಡುಗಳ ವಿವರ ತೋರಿಸೋದು) ಎರಡು ವಿ ಕೊಟ್ಟು, ಲಿಂಕ್ ಸ್ಟೇಟಸ್ ಸಾಲಲ್ಲಿ ಸ್ಪೀಡ್, ವಿಡ್ತ್ ಎಷ್ಟಿದೆ ನೋಡಿ.

ಮುಳ್ಳಯ್ಯನಗಿರಿ:
ನೋಡಲಿ, ಆದರೆ 28ಕ್ಕೆ ಅದು ಕಾರಣ ಆಗಲಾರದು. ಪಿಸಿಐಇ (ಆ ಕಾರ್ಡ್ ಸ್ಲಾಟಿನ ಬಗೆ) ಮೊದಲ ತಲೆಮಾರಿನ ಒಂದೇ ಲೇನ್ ಅಂದ್ರೂ 250 ಎಂಬಿ. ಎಸ್‌ಎಎಸ್ ಲಿಂಕ್ ಬಿದ್ದು 1.5 ಗಿಗಾಬಿಟ್‌ಗೆ ಇಳಿದರೂ 150 ಎಂಬಿ ಹೋಗುತ್ತೆ. ಎರಡೂ 28ರ ಹತ್ತಿರಕ್ಕೂ ಬರಲ್ಲ.

ಯಗಚಿ:
ಅಳೆದೆ. ಡಿಸ್ಕ್‌ನಿಂದ ಓದೋದು: ಡೇಟಾಬೇಸ್ ಡಂಪ್, ವರ್ಚುವಲ್ ಮೆಷಿನ್ ಇಮೇಜ್‌ಗಳು 310 ಎಂಬಿ. ಬೆಳೆಗಾರರ ರಸೀದಿ ಸ್ಕ್ಯಾನ್ ಮಾಡಿದ ಫೋಲ್ಡರ್ ಮಾತ್ರ 12 (ಅದು ಒಟ್ಟು 60 ಜಿಬಿ, ಎಲ್ಲಾ ಚಿಕ್ಕ ಚಿಕ್ಕ ಫೈಲು). ಟೇಪಿಗೆ: 10 ಕೆಬಿಯಲ್ಲಿ 28, 256 ಕೆಬಿಯಲ್ಲಿ 157. ಸ್ಲಾಟ್ ನಾಲ್ಕು ಲೇನ್, ಲೇನಿನ ವೇಗ 8 ಜಿಟಿ.

ಮುಳ್ಳಯ್ಯನಗಿರಿ:
ಸಿಕ್ತು. ಡ್ರೈವ್ ಗಟ್ಟಿಮುಟ್ಟಾಗಿದೆ.

ಟಾರ್‌ಗೆ ಏನೂ ಹೇಳದಿದ್ದರೆ 512 ಬೈಟಿನ 20 ತುಂಡು ಸೇರಿಸಿ 10,240 ಬೈಟಿನ ಬ್ಲಾಕ್ ಬರೆಯುತ್ತೆ. ಪ್ರತಿ ಬ್ಲಾಕಿಗೂ ಒಂದು ಸ್ಕಸಿ ಕಮಾಂಡ್ (ಡ್ರೈವ್‌ಗೆ ಕೊಡೋ ಆಜ್ಞೆ) ಹೋಗಿ, ಉತ್ತರ ಬಂದ ಮೇಲೇ ಮುಂದಿನದು. 28 ಎಂಬಿ ಅಂದ್ರೆ ಒಂದೊಂದು ಬ್ಲಾಕಿಗೆ ಸುಮಾರು 0.37 ಮಿಲಿಸೆಕೆಂಡ್. ಹಳೇ ಸರ್ವರ್‌ನ 110ಕ್ಕೆ ಲೆಕ್ಕ ಹಾಕಿ: 0.09. ಸ್ಕ್ರಿಪ್ಟ್ ಮೊದಲಿಂದಲೂ ಕೆಟ್ಟದಾಗೇ ಇತ್ತು, ಹಳೇ ಎಚ್‌ಬಿಎ ಬೇಗ ಉತ್ತರ ಕೊಟ್ಟು ಅದನ್ನ ಮುಚ್ಚಿಟ್ಟಿತ್ತು. ಹೊಸ ದಾರೀಲಿ ಪ್ರತಿ ಕಮಾಂಡಿಗೂ ಕಾಲು ಮಿಲಿಸೆಕೆಂಡಿಗಿಂತ ಹೆಚ್ಚು ಸೇರಿಕೊಂಡಿದೆ.

ಟಾರ್‌ಗೆ ಬ್ಲಾಕಿಂಗ್ ಫ್ಯಾಕ್ಟರ್ (ಒಂದು ಬ್ಲಾಕಿಗೆ ಎಷ್ಟು ತುಂಡು ಅನ್ನೋದು) 512 ಕೊಡಿ. 512 ಬೈಟನ್ನು 512ರಿಂದ ಗುಣಿಸಿದರೆ ಸರಿಯಾಗಿ 256 ಕೆಬಿ.

ಹೇಮಾವತಿ:
ಸ್ಲಾಟ್ ವಿಷಯದಲ್ಲಿ ನಾನು ಎಡವಿದೆ, ಒಪ್ಪಿದೆ. ಆದರೆ ಬ್ಲಾಕ್ ದೊಡ್ಡದು ಮಾಡಿ ಅಲ್ಲಿಗೇ ಬಿಡಬೇಡಿ. ರೇಡ್ ಕಾರ್ಡುಗಳು ಡಿಸ್ಕ್‌ಗೆ ಮಾಡಿದ್ದು. ಎಷ್ಟೋ ಕಾರ್ಡುಗಳ ಬೆಂಬಲ ಪಟ್ಟಿಯಲ್ಲಿ ಟೇಪ್ ಇರೋದೇ ಇಲ್ಲ. ಇವತ್ತು ಓಡುತ್ತೆ, ನಾಳೆ ಬ್ಯಾಕಪ್ ಮಧ್ಯೆ ಕಾರ್ಡ್ ಬಸ್ ರೀಸೆಟ್ ಮಾಡಿದರೆ (ಸಂಪರ್ಕ ಕಡಿದು ಮತ್ತೆ ಶುರು ಮಾಡಿದರೆ) ಟೇಪಿನ ಸ್ಥಾನವೇ ತಪ್ಪಿಹೋಗುತ್ತೆ. ಹಳೇ ಎಚ್‌ಬಿಎ ಇನ್ನೂ ಇದ್ದರೆ ಅದನ್ನೇ ಹಾಕಿ, ಕೇಬಲ್ ಕೂಡ ಬದಲಾಯಿಸೋದು ಬೇಡ. ಹೊಸದು ಕೊಂಡರೆ ಅದರ ಪೋರ್ಟ್ ಎಸ್‌ಎಫ್‌ಎಫ್-8644 ಇರುತ್ತೆ. ಈ ತಲೆಮಾರಿನ ಡ್ರೈವ್ ಕಡೆ ಸಾಮಾನ್ಯವಾಗಿ ಎಸ್‌ಎಫ್‌ಎಫ್-8088. ಎರಡು ತುದೀಲಿ ಎರಡು ಬೇರೆ ಕನೆಕ್ಟರ್ ಇರೋ ಕೇಬಲ್ ತರಿಸಿ, ಮಧ್ಯೆ ಅಡಾಪ್ಟರ್ ಬೇಡ.

ಬಯಾಸ್‌ನಲ್ಲಿ ಪವರ್ ಪ್ರೊಫೈಲ್ ಕೂಡ ನೋಡಿ. ವಿದ್ಯುತ್ ಉಳಿಸೋ ಸೆಟ್ಟಿಂಗ್‌ನಲ್ಲಿ ಪ್ರೊಸೆಸರ್ ಒಂದು ಕಮಾಂಡಿಗೂ ಇನ್ನೊಂದಕ್ಕೂ ಮಧ್ಯೆ ನಿದ್ದೆ ಹೊಡೆಯುತ್ತೆ. ಪರ್ಫಾರ್ಮೆನ್ಸ್‌ಗೆ ಹಾಕಿ 10 ಕೆಬಿ ಟೆಸ್ಟ್ ಮತ್ತೆ ಮಾಡಿದರೆ ಅದರ ಪಾಲೆಷ್ಟು ಅಂತ ಗೊತ್ತಾಗುತ್ತೆ.

ಯಗಚಿ:
ಹಳೇ ಎಚ್‌ಬಿಎ ಬೀರುವಿನಲ್ಲೇ ಇದೆ, ಭಾನುವಾರ ಹಾಕ್ತೀನಿ. ಬ್ಲಾಕ್ ಬದಲಾಯಿಸಿದ ಮೇಲೆ ದೊಡ್ಡ ಫೈಲುಗಳು 150ರ ಮೇಲೆ ಓಡ್ತಿವೆ. ರಸೀದಿ ಫೋಲ್ಡರ್ ಬಂದ ತಕ್ಷಣ ಮತ್ತೆ ಅದೇ ಹಿಂದೆ ಮುಂದೆ.

ಮುಳ್ಳಯ್ಯನಗಿರಿ:
ಅದು ಟೇಪಿನ ತಪ್ಪಲ್ಲ. ಟಾರ್ ಒಂದು ಫೈಲ್ ಮುಗಿಸಿಯೇ ಇನ್ನೊಂದನ್ನ ತೆರೆಯೋದು, ಹಾಗಾಗಿ ರೇಡ್‌ನಲ್ಲಿ ಎಂಟು ಡಿಸ್ಕ್ ಇದ್ದರೂ ಒಂದು ಸಲಕ್ಕೆ ಒಂದೇ ದುಡಿಯುತ್ತೆ. ಮಧ್ಯೆ ಎಂಬಫರ್ (ಡೇಟಾನ ಮೆಮೊರಿಯಲ್ಲಿ ಕೂಡಿಟ್ಟು ಕಳಿಸೋ ಕಮಾಂಡ್) ಹಾಕಿ: ಮೆಮೊರಿ 8 ಜಿಬಿ, ಬ್ಲಾಕ್ 256 ಕೆಬಿ, 90% ತುಂಬಿದ ಮೇಲೆ ಬರೆಯೋಕೆ ಶುರು. 12 ಎಂಬಿಯಲ್ಲಿ ತುಂಬೋಕೆ ಹತ್ತು ನಿಮಿಷ, 160ರಲ್ಲಿ ಖಾಲಿಯಾಗೋಕೆ ಒಂದು ನಿಮಿಷವೂ ಬೇಡ. ಒಟ್ಟು ಸಮಯ ಕಡಿಮೆ ಆಗಲ್ಲ, ಆದರೆ ಕೆಲವೇ ಸೆಕೆಂಡಿಗೊಮ್ಮೆ ನಿಲ್ಲುತ್ತಿದ್ದ ಟೇಪ್ ಹತ್ತು ನಿಮಿಷಕ್ಕೊಮ್ಮೆ ನಿಲ್ಲುತ್ತೆ. ಹೆಡ್ಡಿಗೂ ಟೇಪಿಗೂ ಅದೇ ದೊಡ್ಡ ಉಪಕಾರ.

ಸಮಯವೂ ಉಳಿಯಬೇಕಂದ್ರೆ ಸಂಜೆ ಏಳಕ್ಕೆ ರಸೀದಿ ಫೋಲ್ಡರನ್ನ ಒಂದೇ ಟಾರ್ ಫೈಲ್ ಮಾಡಿ ಎಸ್‌ಎಸ್‌ಡಿಯಲ್ಲಿಟ್ಟು, ರಾತ್ರಿ ಆ ಫೈಲನ್ನೇ ಟೇಪಿಗೆ ಕಳಿಸಿ. 60 ಜಿಬಿಗೆ 12 ಎಂಬಿಯಲ್ಲಿ ಒಂದು ಗಂಟೆ ಇಪ್ಪತ್ತಮೂರು ನಿಮಿಷ ಸಾಕು.

ಹೇಮಾವತಿ:
ಇನ್ನೊಂದು. ಇನ್ಮೇಲಿನ ಟೇಪುಗಳ ಲೇಬಲ್ ಮೇಲೆ "256 ಕೆಬಿ" ಅಂತ ಬರೆದಿಡಿ. ಅದನ್ನ ಮುಂದೆ ಯಾರಾದರೂ ಬ್ಲಾಕ್ ಹೇಳದೆ ಟಾರ್‌ನಿಂದ ಓದೋಕೆ ಹೋದರೆ "ಕ್ಯಾನಾಟ್ ಅಲೊಕೇಟ್ ಮೆಮೊರಿ" ಅಂತ ಬರುತ್ತೆ, ಟೇಪೇ ಹಾಳಾಯ್ತು ಅಂತ ಗಾಬರಿ ಬೀಳ್ತಾರೆ. ರ‍್ಯಾಮ್‌ಗೂ ಅದಕ್ಕೂ ಸಂಬಂಧ ಇಲ್ಲ, 512 ಕೊಟ್ಟರೆ ಓದುತ್ತೆ. ಹಳೇ 10 ಕೆಬಿ ಟೇಪುಗಳನ್ನೂ 512 ಕೊಟ್ಟೇ ಓದಬಹುದು, ಟಾರ್ ತಾನೇ ಹೊಂದಿಸಿಕೊಳ್ಳುತ್ತೆ. ಆದರೆ ಹಳೇ ಟೇಪಿನ ಕೊನೆಗೆ ಹೊಸ ಬ್ಯಾಕಪ್ ಸೇರಿಸೋಕೆ ಹೋಗಬೇಡಿ. ಭಾನುವಾರ ಎಚ್‌ಬಿಎ ಹಾಕಿದ ಮೇಲೆ ಒಂದು ಹಳೇದು, ಒಂದು ಹೊಸದು, ಎರಡರಿಂದಲೂ ಒಂದೊಂದು ಫೋಲ್ಡರ್ ವಾಪಸ್ ತೆಗೆದು ನೋಡಿ.