ಸಹಾಯ ಬೇಕು: ರಕ್ತ ಹೋದರೂ ಬಿಪಿ ತಕ್ಷಣ ಇಳಿಯಲ್ಲ, ಯಾಕೆ?

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನರ್ಸಿಂಗ್ ಓದುತ್ತಿದ್ದೇನೆ. ಹತ್ತನೇ ಕ್ಲಾಸಿನವರೆಗೆ ಸಿಂಧನೂರಿನಲ್ಲಿ ಕನ್ನಡ ಮೀಡಿಯಂ, ಹಾಗಾಗಿ ಇಂಗ್ಲಿಷ್ ಪುಸ್ತಕ ಸ್ವಲ್ಪ ಕಷ್ಟ.

ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ಒಂದು ಲೀಟರ್ ಹೋದರೂ ಮೇಲಿನ ಬಿಪಿ ಹೆಚ್ಚಾಗಿ ಹಾಗೇ ಇರುತ್ತದೆ, ನಾಡಿ ಮಾತ್ರ 100 ದಾಟುತ್ತದೆ. ಕತ್ತಿನ ರಕ್ತನಾಳ ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ, ಚರ್ಮದ ನಾಳಗಳು ಬಿಗಿಯುತ್ತವೆ, ಕೈಕಾಲು ತಣ್ಣಗಾಗುತ್ತವೆ. ನಮ್ಮ ಬಳ್ಳಾರಿ ಬಿಸಿಲಲ್ಲೂ! ಇಷ್ಟು ಅರ್ಥವಾಯಿತು.

ಆದರೆ ಹಿಮೋಗ್ಲೋಬಿನ್ ಯಾಕೆ ತಕ್ಷಣ ಇಳಿಯುವುದಿಲ್ಲ? ರಕ್ತಕಣ, ಪ್ಲಾಸ್ಮಾ (ರಕ್ತದ ನೀರಿನಂಥ ಭಾಗ) ಎರಡೂ ಒಟ್ಟಿಗೇ ಹೋಗುವುದರಿಂದ ಅಲ್ವಾ? ಕಿಡ್ನಿ, ರೆನಿನ್ (ಬಿಪಿ ಕಾಪಾಡಲು ಕಿಡ್ನಿ ರಕ್ತಕ್ಕೆ ಬಿಡುವ ವಸ್ತು) ಭಾಗವಂತೂ ತಲೆಗೇ ಹೋಗಿಲ್ಲ. ಡಾಕ್ಟರ್, ಸಿಸ್ಟರ್ ಯಾರಾದರೂ ಇದ್ದರೆ ಕನ್ನಡದಲ್ಲೇ ವಾಯ್ಸ್ ಮೆಸೇಜ್ ಹಾಕಿ. ಸೋಮವಾರ ಇಂಟರ್ನಲ್ಸ್ ಇದೆ.