ಏಳು ಡಿಫೆಂಡರ್‌ಗಳಿದ್ದಾರೆ, ಯಾವ ನಾಲ್ವರನ್ನು ಇಳಿಸಲಿ?

ವಾರಾಂತ್ಯದ ಕೋಚ್:
ನಮ್ಮದು ಹವ್ಯಾಸಿ ಫುಟ್‌ಬಾಲ್ ತಂಡ. 4-4-2 ಆಡುತ್ತೇವೆ, ಅಂದರೆ ಹಿಂದೆ ನಾಲ್ವರು ಡಿಫೆಂಡರ್, ನಡುವೆ ನಾಲ್ವರು, ಮುಂದೆ ಇಬ್ಬರು ಸ್ಟ್ರೈಕರ್. ಗೋಲು ಹೊಡೆಯುವುದಕ್ಕೆ ಬರವಿಲ್ಲ. ಬಿಟ್ಟುಕೊಡುವುದಕ್ಕೂ ಬರವಿಲ್ಲ, ತಲೆನೋವು ಅದೇ.

ಈಗ ಸೆಂಟರ್ ಬ್ಯಾಕ್, ಅಂದರೆ ಡಿಫೆನ್ಸ್‌ನ ನಡುವಿನ ಜಾಗದಲ್ಲಿ ಕ್ಯಾಪ್ಟನ್ ಮತ್ತು ನಮ್ಮ ಉದ್ದನೆಯ ಹುಡುಗ ಇದ್ದಾರೆ. ಕ್ಯಾಪ್ಟನ್‌ಗೆ ವಯಸ್ಸಾಗಿದೆ, ಆದರೆ ಆಟ ಚೆನ್ನಾಗಿ ಓದುತ್ತಾನೆ, ಬಾಯಿ ಸುಮ್ಮನಿರುವುದಿಲ್ಲ. ಉದ್ದನೆಯವನು ಹೆಡರ್‌ನಲ್ಲಿ ಯಾರಿಗೂ ಬಿಡುವುದಿಲ್ಲ. ಇಬ್ಬರಿಗೂ ವೇಗ ಕಡಿಮೆ. ರೈಟ್ ಬ್ಯಾಕ್ ಒಬ್ಬ ಕುಳ್ಳ, ತಂಡದಲ್ಲೇ ಅತಿ ವೇಗ, ಟ್ಯಾಕಲ್ ಕೂಡ ಸ್ವಚ್ಛ. ಲೆಫ್ಟ್ ಬ್ಯಾಕ್ ಎಡಗಾಲಿನ ಹುಡುಗ. ಮುಂದೆ ಹೋದರೆ ಕಣ್ಣಿಗೆ ಹಬ್ಬ, ವಾಪಸ್ ಬರುವುದು ಅವನ ಮನಸ್ಸಿಗೆ ಬಿಟ್ಟದ್ದು. ಬೆಂಚಿನಲ್ಲಿ ಇನ್ನೊಬ್ಬ ರೈಟ್ ಬ್ಯಾಕ್ ಇದ್ದಾನೆ. ಮಾಮೂಲಿ ಆಟಗಾರ, ಮುಂದೆ ಹೋಗುವುದೇ ಇಲ್ಲ, ತಪ್ಪು ಮಾಡುವುದೂ ಅಪರೂಪ. ಅವನ ಜೊತೆಗೆ ಡಿಫೆನ್ಸ್ ಕಲಿಯುತ್ತಿರುವ ಒಬ್ಬ ವಿಂಗರ್, ಪಾಸ್ ಚೆನ್ನಾಗಿ ಕೊಡುವ ಒಬ್ಬ ಸೆಂಟರ್ ಬ್ಯಾಕ್.

ಗೋಲುಗಳು ಬರುವ ದಾರಿ ಎರಡೇ. ಒಂದು, ಸೆಂಟರ್ ಬ್ಯಾಕ್‌ಗಳ ತಲೆ ಮೇಲಿಂದ ಹಿಂದಕ್ಕೆ ಬೀಳುವ ಉದ್ದನೆಯ ಚೆಂಡು. ಎರಡು, ನಮ್ಮ ಬಲಗಡೆಯಿಂದ ಗೋಲಿನ ಮುಂದಕ್ಕೆ ಬರುವ ಕ್ರಾಸ್. ಫಾರ್ ಪೋಸ್ಟ್‌ನಲ್ಲಿ, ಅಂದರೆ ಆಚೆ ಬದಿಯ ಗೋಲ್ ಕಂಬದ ಹತ್ತಿರ, ನಮ್ಮವರು ಯಾರೂ ಇರುವುದಿಲ್ಲ. ಇರುವವರಲ್ಲಿ ಒಳ್ಳೆಯ ನಾಲ್ವರನ್ನೇ ಆಡಿಸುತ್ತಿದ್ದೇನೆ. ಮತ್ತೆ ಏಕೆ ಹೀಗೆ?

ಹಳೇ ಗೋಲ್‌ಕೀಪರ್:
ಒಳ್ಳೆಯ ನಾಲ್ವರನ್ನು ಆರಿಸಿದ್ದೀರಿ, ನಿಜ. ಜೋಡಿಯನ್ನು ಆರಿಸಿಲ್ಲ. ವರ್ಷಗಟ್ಟಲೆ ಡಿಫೆಂಡರ್‌ಗಳ ಬೆನ್ನು ನೋಡಿಕೊಂಡೇ ನಿಂತವನು ನಾನು. ನನ್ನ ಲೆಕ್ಕ ಸರಳ. ಇಬ್ಬರಲ್ಲಿ ಒಬ್ಬ ಚೆಂಡಿನ ಮೇಲೆ ಹೋಗಬೇಕು, ಇನ್ನೊಬ್ಬ ಅವನ ಹಿಂದಿನ ಜಾಗ ಕಾಯಬೇಕು. ನಿಮ್ಮ ಇಬ್ಬರೂ ಚೆಂಡಿನ ಮೇಲೆ ಹೋಗುವವರೇ. ಹೆಡರ್ ತಪ್ಪಿದರೆ ಹಿಂದೆ ಓಡುವವನೇ ಇಲ್ಲ.

ಕುಳ್ಳನನ್ನು ಒಳಗೆ ತನ್ನಿ, ಉದ್ದನೆಯವನ ಪಕ್ಕಕ್ಕೆ. ಸೆಂಟರ್ ಬ್ಯಾಕ್ ಅಂದರೆ ಎತ್ತರ ಇರಲೇಬೇಕು ಅನ್ನುವವರಿಗೆ ನಾನು ತೋರಿಸುವುದು 2006ರ ವಿಶ್ವಕಪ್ಪಿನ ಇಟಲಿಯನ್ನು. ಕನ್ನವಾರೊ ಎತ್ತರ 1.76 ಮೀಟರ್, ಅಷ್ಟೇ. ಜೊತೆಗಾರ ನೆಸ್ಟಾ ಗುಂಪಿನ ಹಂತದಲ್ಲೇ ಗಾಯಗೊಂಡು ಹೊರಗಾದ. ಬದಲಿಗೆ ಬಂದ ಮಟೆರಾಟ್ಸಿಗೆ ಆಸ್ಟ್ರೇಲಿಯಾ ಪಂದ್ಯದಲ್ಲಿ ರೆಡ್ ಕಾರ್ಡ್ ಆಯಿತು, ಆಗ ಬರ್ಜಾಲಿ ಬಂದ. ಜೊತೆಗಾರ ಯಾರೇ ಇರಲಿ, ಹಿಂದಿನ ಜಾಗ ಕಾಯಲು ಕನ್ನವಾರೊ ಇದ್ದ. 7 ಪಂದ್ಯಗಳಲ್ಲಿ ಇಟಲಿ ಬಿಟ್ಟುಕೊಟ್ಟದ್ದು 2 ಗೋಲು. ಅದರಲ್ಲಿ ಒಂದು ಅವರೇ ಹೊಡೆದುಕೊಂಡ ಸೆಲ್ಫ್ ಗೋಲ್, ಇನ್ನೊಂದು ಪೆನಾಲ್ಟಿ.

ಈಗ ರೈಟ್ ಬ್ಯಾಕ್ ಜಾಗ ಖಾಲಿಯಾಯಿತು. ಅಲ್ಲಿಗೆ ಬೆಂಚಿನ ಮಾಮೂಲಿ ಹುಡುಗ. ನನಗೆ ಇಂಥವರೇ ಇಷ್ಟ. ಎಡಗಡೆಯವನು ಮುಂದೆ ಓಡಿದಾಗ ಇವನು ಹಿಂದೆ ಉಳಿದು ಸ್ವಲ್ಪ ಒಳಗೆ ಸರಿದರೆ ಸಾಕು, ಹಿಂದೆ ಮೂವರು ಇದ್ದ ಹಾಗಾಯಿತು. ಗಾರ್ಡಿಯೋಲಾ ಅವರ ಬಾರ್ಸಿಲೋನಾದಲ್ಲಿ ಬಲಗಡೆ ಡ್ಯಾನಿ ಆಲ್ವೆಸ್ ವಿಂಗರ್ ಥರ ಮೇಲೆ ಇರುತ್ತಿದ್ದ, ಎಡಗಡೆ ಅಬಿದಾಲ್ ಹಿಂದೆ ಉಳಿಯುತ್ತಿದ್ದ. ಎಲ್ಲರೂ ಹೊಗಳಿದ್ದು ಆಲ್ವೆಸ್‌ನನ್ನು, ಅಲ್ವಾ?

ಮೂರೇ ಸಾಕು:
ನಾಲ್ವರು ಏಕೆ ಬೇಕು? ಮೂವರನ್ನು ನಿಲ್ಲಿಸಿ. ಸೆಪ್ಟೆಂಬರ್ 2016ರಲ್ಲಿ ಚೆಲ್ಸಿ ಆರ್ಸೆನಲ್ ಮುಂದೆ 3-0 ಸೋತಿತು. ಅವರ ಕೋಚ್ ಕೊಂಟೆ ಅಲ್ಲಿಂದ 3-4-3ಕ್ಕೆ ಬಂದ. ಆಮೇಲೆ ಲೀಗ್‌ನಲ್ಲಿ ಸತತ 13 ಗೆಲುವು, ಕೊನೆಗೆ ಪ್ರಶಸ್ತಿಯೂ ಅವರದೇ. ವಿಂಗರ್ ಆಗಿದ್ದ ಮೋಸೆಸ್‌ನನ್ನು ವಿಂಗ್ ಬ್ಯಾಕ್ ಮಾಡಿದ, ಅಂದರೆ ಬದಿಯಲ್ಲಿ ಮುಂದೆಯೂ ಹಿಂದೆಯೂ ಓಡುವವನು. ನಿಮ್ಮ ಹತ್ತಿರವೂ ಅಂಥ ವಿಂಗರ್ ಇದ್ದಾನಲ್ಲ. ಉದ್ದನೆಯವನು, ಕ್ಯಾಪ್ಟನ್, ಪಾಸ್ ಕೊಡುವವನು ಹಿಂದೆ. ಎಡಗಾಲಿನ ಹುಡುಗ ಮತ್ತು ವಿಂಗರ್ ಆಚೆ ಈಚೆ. ಮುಗಿಯಿತು.

ಹಳೇ ಗೋಲ್‌ಕೀಪರ್:
ಮುಗಿಯಲಿಲ್ಲ. ಮೂವರ ಸಾಲಿನಲ್ಲಿ ಆಚೀಚೆ ನಿಂತವರು ಟಚ್‌ಲೈನ್ ತನಕ ಓಡಬೇಕಾಗುತ್ತದೆ, ವಿಂಗ್ ಬ್ಯಾಕ್ ಮುಂದೆ ಹೋದಾಗಲಂತೂ ಜಾಸ್ತಿ. ಕೊಂಟೆ ಆ ಬಲಗಡೆಯ ಜಾಗದಲ್ಲಿ ನಿಲ್ಲಿಸಿದ್ದು ಆಸ್ಪಿಲಿಕ್ವೆಟಾನನ್ನು, ಅವನು ಮೂಲತಃ ಫುಲ್ ಬ್ಯಾಕ್, ಬದಿಯಲ್ಲಿ ಆಡುವ ಡಿಫೆಂಡರ್. ನೀವು ಹೇಳಿದ ಮೂವರಲ್ಲಿ ಕುಳ್ಳನೇ ಇಲ್ಲ! ವೇಗ ಇರುವ ಒಬ್ಬನನ್ನು ಹೊರಗಿಟ್ಟು ನಿಧಾನದವರ ಸಂಖ್ಯೆ ಹೆಚ್ಚಿಸಿದರೆ ಉದ್ದನೆಯ ಚೆಂಡಿಗೆ ಉತ್ತರ ಎಲ್ಲಿಂದ ಬರಬೇಕು? ಕುಳ್ಳ ಬಲಗಡೆ, ಉದ್ದನೆಯವನು ನಡುವೆ ಇದ್ದರೆ ಆಗ ಮಾತಾಡೋಣ. ಆದರೂ ವಿಂಗ್ ಬ್ಯಾಕ್ ಇಬ್ಬರಿಗೆ ಎದೆಯಲ್ಲಿ ದಮ್ಮು ಬೇಕು. ವಾರಕ್ಕೊಮ್ಮೆ ಆಡುವವರಿಗೆ ಎರಡನೇ ಹಾಫ್ ಕಷ್ಟ.

ವಾರಾಂತ್ಯದ ಕೋಚ್:
ಇಬ್ಬರಿಗೂ ಥ್ಯಾಂಕ್ಸ್. ಎರಡು ವಿಷಯ ಬಿಟ್ಟಿದ್ದೆ. ನಮ್ಮ ಕೀಪರ್ ಗೋಲ್‌ಲೈನ್ ಬಿಟ್ಟು ಬರುವುದಿಲ್ಲ. ಮತ್ತೆ, ಕ್ಯಾಪ್ಟನ್‌ನನ್ನು ಬೆಂಚಿನಲ್ಲಿ ಕೂರಿಸಿದರೆ ಮೈದಾನದಲ್ಲಿ ಮಾತಾಡುವವರೇ ಇರುವುದಿಲ್ಲ.

ನಂಬರ್ ಆರು:
ಕ್ಯಾಪ್ಟನ್‌ನನ್ನು ಕೂರಿಸಬೇಡಿ, ಹತ್ತು ಹೆಜ್ಜೆ ಮುಂದೆ ನಿಲ್ಲಿಸಿ. 4-1-4-1ರಲ್ಲಿ ಡಿಫೆನ್ಸ್ ಮುಂದೆ ನಿಲ್ಲುವ ಆ ಒಬ್ಬ ಅವನೇ. ಒಬ್ಬ ಸ್ಟ್ರೈಕರ್ ಕಡಿಮೆಯಾಗುತ್ತಾನೆ, ಗೋಲಿಗೆ ಬರವಿಲ್ಲ ಅಂದಿದ್ದೀರಲ್ಲ. ಆ ಜಾಗದಲ್ಲಿ ತಿರುಗಿ ಸ್ಟ್ರೈಕರ್ ಹಿಂದೆ ಓಡುವ ಕೆಲಸ ಕಡಿಮೆ, ಸರಿಯಾದ ಕಡೆ ಮೊದಲೇ ನಿಲ್ಲುವ ಕೆಲಸ ಜಾಸ್ತಿ. 2004-05ರಲ್ಲಿ ಚೆಲ್ಸಿ 38 ಲೀಗ್ ಪಂದ್ಯಗಳಲ್ಲಿ 15 ಗೋಲು ಮಾತ್ರ ಬಿಟ್ಟಿತ್ತು. ಎಲ್ಲರೂ ಟೆರ್ರಿ, ಕಾರ್ವಾಲ್ಯೊ, ಚೆಕ್ ಅನ್ನುತ್ತಾರೆ. ಅವರ ಮುಂದೆ ನಿಂತಿದ್ದ ಮಕೆಲೆಲೆಯನ್ನು ಬಿಟ್ಟು ಲೆಕ್ಕ ಹಾಕಬೇಡಿ.

ಹಳೇ ಗೋಲ್‌ಕೀಪರ್:
ಇದು ಒಳ್ಳೆಯ ಮಾತು, ಒಂದು ಷರತ್ತಿನ ಮೇಲೆ. ಅವನ ಆಚೀಚೆ ಇರುವ ಇಬ್ಬರು ಮಿಡ್‌ಫೀಲ್ಡರ್‌ಗಳು ಓಡುವವರಾಗಿರಬೇಕು. ಇಲ್ಲದಿದ್ದರೆ ಪಾಪ ಕ್ಯಾಪ್ಟನ್ ಒಬ್ಬನೇ ಮೈದಾನದ ಅಗಲ ಅಳೆಯುತ್ತಾನೆ.

ಕೀಪರ್ ವಿಷಯ ಮೊದಲೇ ಹೇಳಬೇಕಿತ್ತು ಮಾರಾಯರೇ! ಲೈನ್ ಬಿಟ್ಟು ಬರದ ಕೀಪರ್ ಇಟ್ಟುಕೊಂಡು ಡಿಫೆನ್ಸ್‌ನ್ನು ನಡುಗೆರೆ ಹತ್ತಿರ ನಿಲ್ಲಿಸಿದರೆ ಮಧ್ಯೆ ಅಷ್ಟೂ ಜಾಗ ಎದುರಾಳಿಗೆ ಉಡುಗೊರೆ. ಯಾರನ್ನು ಆಡಿಸಿದರೂ ಅದು ತುಂಬುವುದಿಲ್ಲ. ಸಾಲನ್ನು ಹಿಂದಕ್ಕೆ ತನ್ನಿ. ಪೆನಾಲ್ಟಿ ಬಾಕ್ಸ್‌ಗೇ ಅಂಟಿಕೊಳ್ಳಬೇಡಿ, ಅಲ್ಲಿ ಬೇರೆ ತೊಂದರೆ ಶುರುವಾಗುತ್ತದೆ. ನಾಲ್ವರಿಗೂ ಒಂದೇ ಸೂತ್ರ ಹೇಳಿಕೊಡಿ. ಚೆಂಡು ಇರುವವನ ಮೇಲೆ ನಮ್ಮವನು ಬಿದ್ದಿದ್ದಾನೆಯೇ? ಹಾಗಾದರೆ ಸಾಲು ಅಲ್ಲೇ ನಿಲ್ಲಲಿ. ಅವನು ತಲೆ ಎತ್ತಿ ಆರಾಮಾಗಿ ನೋಡುತ್ತಿದ್ದಾನೆಯೇ? ಚೆಂಡು ಒದೆಯುವ ಮೊದಲೇ ಎಲ್ಲರೂ ಹಿಂದಕ್ಕೆ. ಒದ್ದ ಮೇಲೆ ತಿರುಗುವವನು ಯಾವತ್ತೂ ತಡ.

ಫಾರ್ ಪೋಸ್ಟ್ ಗೋಲುಗಳಿಗೆ ಆಟಗಾರನನ್ನು ಬದಲಿಸಬೇಡಿ, ಅಭ್ಯಾಸ ಬದಲಿಸಿ. ಬಲಗಡೆಯಿಂದ ಕ್ರಾಸ್ ಬರುವಾಗ ಎಡಗಾಲಿನ ಹುಡುಗ ಒಳಗೆ ಸರಿದು, ಚೆಂಡೂ ತನ್ನ ಹಿಂದಿನ ಆಟಗಾರನೂ ಎರಡೂ ಕಾಣುವ ಹಾಗೆ ಮೈ ಓರೆಯಾಗಿಸಿ ನಿಲ್ಲಬೇಕು. ಚೆಂಡನ್ನೇ ನೋಡುತ್ತಾ ನಿಂತರೆ ಬೆನ್ನ ಹಿಂದಿನವನು ಹೊಡೆಯುತ್ತಾನೆ. ಇದನ್ನು ಕಲಿಯದಿದ್ದರೆ ಆ ವಿಂಗರ್‌ಗೆ ಅವಕಾಶ ಕೊಡುತ್ತೇನೆ ಅಂತ ಅವನ ಮುಂದೆಯೇ ಹೇಳಿ. ಕೆಲವರಿಗೆ ಅದೇ ಔಷಧಿ.

ಮೂರೇ ಸಾಕು:
ಸರಿ, ಸೋತೆ ಅಂತ ಹೇಳುವುದಿಲ್ಲ. ಗೆಲ್ಲುತ್ತಿರುವಾಗ ಕೊನೆಯ ಹತ್ತು ನಿಮಿಷ ಪಾಸ್ ಕೊಡುವವನನ್ನು ಇಳಿಸಿ ಐವರ ಸಾಲು ಮಾಡಿ ನೋಡಿ.

ವಾರಾಂತ್ಯದ ಕೋಚ್:
ಅದನ್ನೂ ನೋಡೋಣ. ಸದ್ಯಕ್ಕೆ ಬಲದಿಂದ ಎಡಕ್ಕೆ: ಮಾಮೂಲಿ ಹುಡುಗ, ಕುಳ್ಳ, ಉದ್ದನೆಯವನು, ಎಡಗಾಲು. ಮುಂದೆ ಕ್ಯಾಪ್ಟನ್. ಭಾನುವಾರ ಅಭ್ಯಾಸ ಪಂದ್ಯ ಇದೆ. ಕಾರ್ನರ್ ಬಂದಾಗ ಕುಳ್ಳನನ್ನು ಎಲ್ಲಿ ನಿಲ್ಲಿಸಲಿ?

ಹಳೇ ಗೋಲ್‌ಕೀಪರ್:
ಬಾಕ್ಸ್‌ನ ಅಂಚಿನಲ್ಲಿ, ಹೊರಗೆ ಬಿದ್ದ ಚೆಂಡಿಗೆ ಮೊದಲು ಓಡಲು. ನಿಯರ್ ಪೋಸ್ಟ್‌ಗೆ ಕ್ಯಾಪ್ಟನ್, ನಡುವೆ ಉದ್ದನೆಯವನು. ಮತ್ತೆ ಆ ಕೀಪರ್‌ಗೆ ದಿನಾ ಹತ್ತು ಚೆಂಡು ಲೈನ್ ಬಿಟ್ಟು ಬಂದು ಹಿಡಿಯಲು ಹೇಳಿ. ಬೈದರೆ ಬರುವುದಿಲ್ಲ, ನಾನೂ ಅದೇ ಜಾತಿ.